ಹೆಬ್ಬೆರಳಿನ ಲೆಕ್ಕ

ಬರಹ ಸ್ವಲ್ಪ ಉದ್ದ ಆಗೇತಿ, ಪುರುಸೊತ್ತು ಮಾಡ್ಕೊಂಡು ಓದ್ರಿ.

ನಿಮ್ಮಲ್ಲಿ ಕೆಲವರಿಗೆ ಗೊತ್ತು, ನಾನು ಈ ವರ್ಷ ಪ್ಯಾರಾಲೀಗಲ್ ಕೋರ್ಸಿಗೆ ಹೆಸರು ಹಚ್ಚೀನಿ. ಹಗಲು ಆಫೀಸಿನಲ್ಲಿ ಟಪಾಲು, ಫೈಲು, ಸಾಹೇಬರ ಸಹಿ. ರಾತ್ರಿ ಊಟ ಆದಮೇಲೆ ಕಾನೂನು ಪುಸ್ತಕ. ಮಗಳು ಒಂದು ಕಡೆ ಹತ್ತನೇತ್ತೆ ಅಭ್ಯಾಸ ಮಾಡ್ತಾಳೆ, ನಾನೊಂದು ಕಡೆ. ಈ ಸಲ ಬಂದ ವಿಷಯ ಟಾರ್ಟ್. ಕನ್ನಡದ ಕಾನೂನು ಪುಸ್ತಕಗಳಲ್ಲಿ ಇದಕ್ಕೆ ಅಪಕೃತ್ಯ ಅಂತ ಬರೀತಾರೆ. ಹೆಸರು ಕೇಳಿ ಹೆದರಬೇಡಿ. ಒಬ್ಬನ ತಪ್ಪಿನಿಂದ ಇನ್ನೊಬ್ಬನ ಮೈಗೆ, ಮಾನಕ್ಕೆ, ಆಸ್ತಿಗೆ ಪೆಟ್ಟಾದರೆ ತಪ್ಪು ಮಾಡಿದವನು ದುಡ್ಡು ಕಟ್ಟಿಕೊಡಬೇಕು, ಇಷ್ಟೇ ಅದರ ತಿರುಳು. ಇಲ್ಲಿ ಜೈಲಿನ ಮಾತಿಲ್ಲ, ಪರಿಹಾರದ ಮಾತು.

ಅದರ ಜೊತೆಗೇ 1923ರ ಕಾರ್ಮಿಕರ ಪರಿಹಾರ ಕಾಯ್ದೆ ಪಾಠಕ್ಕಿದೆ. ಕಾಯ್ದೆಯ ಹಿಂದೆ ಒಂದು ಪಟ್ಟಿ. ಮನುಷ್ಯನ ಯಾವ ಅಂಗ ಹೋದರೆ ದುಡಿಯುವ ಶಕ್ತಿ ನೂರಕ್ಕೆ ಎಷ್ಟು ಹೋಯಿತು ಅನ್ನುವ ಪಟ್ಟಿ. ಒಂದು ಕೈಯ ನಾಲ್ಕು ಬೆರಳು ಹೋದರೆ 50. ತೋರುಬೆರಳು ಪೂರ್ತಿ ಹೋದರೆ 14. ಹೆಬ್ಬೆರಳಿಗೆ 30.

ಆ ಸಾಲಿಗೆ ಬಂದವನು ಪುಸ್ತಕ ಮುಚ್ಚಿಟ್ಟೆ. ನನಗೆ ನೆನಪಾದದ್ದು ನಮ್ಮ ಕಾಕಾ.

1986ರ ಮಾತು. ನನಗೆ ಆಗ ಆರು ವರ್ಷ. ನಮ್ಮಪ್ಪನ ತಮ್ಮ ಗದಗಿನ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಸುಗ್ಗಿ ಕಾಲದಲ್ಲಿ ರಾತ್ರಿ ಪಾಳಿ. ಯಂತ್ರಕ್ಕೆ ಹತ್ತಿ ಸಿಕ್ಕಿಕೊಂಡಾಗ ಕೈಯಿಂದಲೇ ಬಿಡಿಸಬೇಕು. ಬಿಡಿಸಲು ಹೋದ, ಬಲಗೈ ಹೆಬ್ಬೆರಳು ಹೋಯಿತು. ಮಿಲ್ಲಿನವರು ದವಾಖಾನಿಗೆ ಸೇರಿಸಿದರು, ಪಟ್ಟಿ ಕಟ್ಟಿಸಿದರು, ಎರಡು ಚೀಲ ಜೋಳ ಕಳಿಸಿದರು. ವಾರ ಬಿಟ್ಟು ಒಬ್ಬ ಗುಮಾಸ್ತ ಛಾಪಾ ಕಾಗದ ತಗೊಂಡು ಕೇರಿಗೆ ಬಂದ. ಬಲಗೈಗೆ ಪಟ್ಟಿ ಇತ್ತು, ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದ. ಅದರಲ್ಲಿ ಏನು ಬರೆದಿತ್ತು ಅಂತ ನಮ್ಮ ಮನೆಯಲ್ಲಿ ಯಾರಿಗೂ ಓದಲು ಬರುತ್ತಿರಲಿಲ್ಲ. ದೊಡ್ಡವನಾದ ಮೇಲೆ ನಾನೇ ಕೇಳಿದ್ದೆ, "ಕಾಕಾ, ಪರಿಹಾರ ಕೇಳಲಿಲ್ಲೇನು?" ಅಂವ ನಕ್ಕುಬಿಟ್ಟ. "ಪರಿಹಾರ ಅಂದ್ರೇನೋ ತಮ್ಮಾ? ಜ್ವಾಳ ಕೊಟ್ರಲ್ಲ. ನಮ್ಮ ಹಣೇದಾಗ ಬರದದ್ದು ಅಷ್ಟ."

ಹಣೆಯಲ್ಲಿ ಏನು ಬರೆದಿತ್ತೋ ಗೊತ್ತಿಲ್ಲ. ಕಾಯ್ದೆಯಲ್ಲಿ ಬರೆದಿತ್ತು, ಅದು ಈಗ ಗೊತ್ತಾಯಿತು. ಅಂವ ಹುಟ್ಟುವುದಕ್ಕಿಂತ ಮೊದಲೇ ಬರೆದಿತ್ತು. ಹಂಗಾದ್ರೆ ಆ ಅಕ್ಷರ ನಮ್ಮ ಕೇರಿಗೆ ಯಾಕೆ ಬರಲಿಲ್ಲ? ಅದನ್ನು ಹುಡುಕುತ್ತಾ ಹೋದಾಗ ಸಿಕ್ಕ ಚರಿತ್ರೆಯನ್ನು ನಿಮ್ಮ ಮುಂದೆ ಇಡ್ತಿದ್ದೇನೆ.

ಪೆಟ್ಟಿಗೆ ಬೆಲೆ ಕಟ್ಟುವುದನ್ನು ಇಂಗ್ಲಿಷರು ತಂದರು ಅಂತ ಪಠ್ಯದಲ್ಲಿ ಇರುತ್ತದೆ. ಪೂರ್ತಿ ನಿಜ ಅಲ್ಲ. ಆಪಸ್ತಂಬ ಧರ್ಮಸೂತ್ರ ತೆಗೆದು ನೋಡಿ. ಕ್ಷತ್ರಿಯನನ್ನು ಕೊಂದರೆ ಸಾವಿರ ಆಕಳು ಕೊಡಬೇಕು, ವೈಶ್ಯನಿಗೆ ನೂರು, ಶೂದ್ರನಿಗೆ ಹತ್ತು. ಮನುಸ್ಮೃತಿಯ ಹನ್ನೊಂದನೇ ಅಧ್ಯಾಯಕ್ಕೆ ಬನ್ನಿ. ಬ್ರಾಹ್ಮಣನನ್ನು ಕೊಂದದ್ದಕ್ಕೆ ಇರುವ ಪ್ರಾಯಶ್ಚಿತ್ತದಲ್ಲಿ ಕ್ಷತ್ರಿಯನ ಕೊಲೆಗೆ ನಾಲ್ಕನೇ ಒಂದು ಪಾಲು, ವೈಶ್ಯನ ಕೊಲೆಗೆ ಎಂಟನೇ ಒಂದು, ಶೂದ್ರನ ಕೊಲೆಗೆ ಹದಿನಾರನೇ ಒಂದು. ಅದೇ ಪುಸ್ತಕದ ಎಂಟನೇ ಅಧ್ಯಾಯದಲ್ಲಿ, ಕೆಳಗಿನವನು ಮೇಲಿನವನಿಗೆ ಯಾವ ಅಂಗದಿಂದ ಹೊಡೆದನೋ ಆ ಅಂಗವನ್ನೇ ಕಡಿಯಬೇಕು ಅಂತ ಇದೆ. ಅಂದರೆ ಪರಿಹಾರದ ಪಟ್ಟಿ ನಮ್ಮಲ್ಲೂ ಇತ್ತು. ನಮ್ಮ ಪಟ್ಟಿಯಲ್ಲಿ ಅಂಗದ ಲೆಕ್ಕಕ್ಕಿಂತ ಮೊದಲು ಜಾತಿಯ ಲೆಕ್ಕ. ಶೂದ್ರನಿಗಾದರೂ ಹತ್ತು ಆಕಳು. ನಾಲ್ಕು ವರ್ಣದ ಹೊರಗೆ ಇಟ್ಟ ನಮಗೆ ಆ ಸಾಲಿನಲ್ಲಿ ಕರುವೂ ಇಲ್ಲ. ಏಕಲವ್ಯನ ಕಥೆಯಲ್ಲೂ ಹಂಗೇ. ಹೆಬ್ಬೆರಳು ಕಡಿಸಿಕೊಂಡವನಿಗೆ ಪರಿಹಾರ ಇಲ್ಲ, ಕಡಿಸಿದವನಿಗೆ ದಕ್ಷಿಣೆ! 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಬಾಬಾಸಾಹೇಬರು ಮತ್ತು ಅವರ ಸಂಗಾತಿಗಳು ಸುಟ್ಟದ್ದು ಈ ಪಟ್ಟಿಯನ್ನೂ ಸೇರಿಸಿಯೇ.

ಬ್ರಿಟಿಷರು ಬಂದಮೇಲೆ ಹೊಸ ಕಾನೂನು ಬಂತು. 1855ರಲ್ಲಿ ಮಾರಣಾಂತಿಕ ಅಪಘಾತಗಳ ಕಾಯ್ದೆ. ಇನ್ನೊಬ್ಬನ ತಪ್ಪಿನಿಂದ ಮನುಷ್ಯ ಸತ್ತರೆ ಅವನ ಹೆಂಡತಿ ಮಕ್ಕಳು ಪರಿಹಾರ ಕೇಳಬಹುದು ಅಂತ ಆಯಿತು. 1860ರಲ್ಲಿ ದಂಡ ಸಂಹಿತೆ. ಆದರೆ ಅಪಕೃತ್ಯದ ಕಾನೂನನ್ನು ಮಾತ್ರ ಅವರು ಬರೆದಿಡಲಿಲ್ಲ. ಫ್ರೆಡರಿಕ್ ಪೊಲಾಕ್ ಎಂಬ ಪಂಡಿತ 1886ರಲ್ಲಿ ಭಾರತಕ್ಕಾಗಿ ಒಂದು ಮಸೂದೆ ಬರೆದುಕೊಟ್ಟ, ಅದು ಕಾಯ್ದೆ ಆಗಲೇ ಇಲ್ಲ. ಇವತ್ತಿಗೂ ಟಾರ್ಟ್ ಅಂತ ಒಂದು ಕಾಯ್ದೆ ನಮ್ಮ ದೇಶದಲ್ಲಿಲ್ಲ. ನ್ಯಾಯ, ಸಮತೆ, ಸದ್ವಿವೇಕ ಅನ್ನುವ ಮೂರು ಮಾತು ಇಟ್ಟುಕೊಂಡು ನ್ಯಾಯಾಧೀಶರು ಇಂಗ್ಲಿಷ್ ತೀರ್ಪುಗಳನ್ನು ನೋಡಿ ತೀರ್ಮಾನ ಕೊಟ್ಟರು.

ಬರೆದಿಡದ ಕಾನೂನಿನಲ್ಲಿ ಪೆಟ್ಟು ಅಂದರೇನು ಅಂತ ತೀರ್ಮಾನಿಸುವವರು ಯಾರು? ಒಂದು ಉದಾಹರಣೆ ಹೇಳ್ತೀನಿ. ತಮಿಳು ಸೀಮೆಯ ಕಮುದಿ ಎಂಬ ಊರಿನಲ್ಲಿ 1897ರಲ್ಲಿ ನಾಡಾರ್ ಜಾತಿಯ ಕೆಲವರು ದೇವಸ್ಥಾನದೊಳಗೆ ಹೋದರು. ಅವರ ಮೇಲೆ ಸಿವಿಲ್ ದಾವೆ ಬಿತ್ತು. ಅವರು ಒಳಗೆ ಬರಕೂಡದು ಅಂತ ತಡೆಯಾಜ್ಞೆ, ಜೊತೆಗೆ ಗುಡಿ ಶುದ್ಧ ಮಾಡಿಸಿದ ಖರ್ಚಿಗೆ ಪರಿಹಾರ. 1908ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ಲಿನಲ್ಲೂ ನಾಡಾರರು ಸೋತರು. ಗಮನಿಸಿ ಬಂಧುಗಳೇ, ಬಾಗಿಲಲ್ಲಿ ತಡೆಸಿಕೊಂಡವನ ಮಾನಕ್ಕೆ ಆದದ್ದು ಪೆಟ್ಟಲ್ಲ. ಅವನು ಒಳಗೆ ಬಂದದ್ದೇ ಪೆಟ್ಟು! ದುಡ್ಡು ಕಟ್ಟಬೇಕಾದವನೂ ಅವನೇ!

ಮಹಾಡದ ಚವದಾರ್ ಕೆರೆಗೂ ಇದೇ ದಾರಿ ಹಿಡಿದಿದ್ದರು. 1927ರ ಡಿಸೆಂಬರಿನಲ್ಲಿ ಬಾಬಾಸಾಹೇಬರ ಮೇಲೆ ಸಿವಿಲ್ ದಾವೆ ಹಾಕಿ ತಾತ್ಕಾಲಿಕ ತಡೆಯಾಜ್ಞೆ ತಂದರು. ಹತ್ತು ವರ್ಷ ನಡೆದು 1937ರ ಮಾರ್ಚ್ 17ರಂದು ಮುಂಬಯಿ ಹೈಕೋರ್ಟ್ ಬಾಬಾಸಾಹೇಬರ ಪರ ತೀರ್ಪು ಕೊಟ್ಟಿತು. ಆಗ ಗದಗು, ಮುಂಡರಗಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಅಂದರೆ ಆ ಹೈಕೋರ್ಟ್ ನಮ್ಮದೂ ಹೌದು.

ಇದರ ನಡುವೆ ಇಂಗ್ಲೆಂಡಿನಲ್ಲಿ ಒಂದು ದೊಡ್ಡ ತೀರ್ಪು ಬಂತು. ಟಾರ್ಟ್ ಓದುವ ಯಾವ ವಿದ್ಯಾರ್ಥಿಯೂ ಇದನ್ನು ತಪ್ಪಿಸಿಕೊಳ್ಳುವಂತಿಲ್ಲ. ಸ್ಕಾಟ್ಲೆಂಡಿನ ಪೈಸ್ಲಿ ಊರಿನಲ್ಲಿ ಮೇ ಡೊನೊಹ್ಯೂ ಎಂಬ ಬಡ ಹೆಣ್ಣುಮಗಳು 1928ರಲ್ಲಿ ಗೆಳತಿ ಕೊಡಿಸಿದ ಜಿಂಜರ್ ಬಿಯರ್ ಕುಡಿದಳು. ಬಾಟಲಿಯಲ್ಲಿ ಕೊಳೆತ ಬಸವನಹುಳು ಇತ್ತು, ಅದರಿಂದ ಜಡ್ಡಾದೆ ಅಂತ ಬಾಟಲಿ ತುಂಬಿದ ಕಂಪನಿ ಮೇಲೆ ಕೇಸು ಹಾಕಿದಳು. ದುಡ್ಡು ಕೊಟ್ಟವಳು ಗೆಳತಿ. ಹಾಗಾಗಿ ಇವಳಿಗೂ ಕಂಪನಿಗೂ ಯಾವ ಕರಾರೂ ಇಲ್ಲ. ಜಗತ್ತಿನಲ್ಲಿ ತನ್ನದು ಅಂತ ಐದು ಪೌಂಡ್ ಕೂಡ ಇಲ್ಲ ಅಂತ ಬರೆದುಕೊಟ್ಟು, ಬಡವಳ ಲೆಕ್ಕದಲ್ಲಿ ಮೇಲಿನ ಕೋರ್ಟಿಗೆ ಹೋದಳು. 1932ರ ಮೇ ತಿಂಗಳಲ್ಲಿ ಐದು ನ್ಯಾಯಾಧೀಶರಲ್ಲಿ ಮೂವರು ಅವಳ ಪರ ನಿಂತರು. ಅವರಲ್ಲಿ ಲಾರ್ಡ್ ಆಟ್ಕಿನ್ ಒಂದು ಪ್ರಶ್ನೆ ಎತ್ತಿದ. ಕಾನೂನಿನಲ್ಲಿ ನನ್ನ ನೆರೆಯವನು ಯಾರು? ಅವನೇ ಕೊಟ್ಟ ಉತ್ತರದ ಸಾರ ಇದು: ನಾನು ಮಾಡುವ ಕೆಲಸದಿಂದ ಯಾರಿಗೆ ಪೆಟ್ಟಾಗಬಹುದು ಅಂತ ನಾನು ಮೊದಲೇ ಯೋಚಿಸಬೇಕೋ ಅವರೆಲ್ಲ ನನ್ನ ನೆರೆಯವರು.

ನಾನು ಈ ಪಾಠ ಓದಿದ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಊರುಗಳಲ್ಲಿ ನೆರೆಯವನು ಯಾರು ಅನ್ನೋದು ಕಾನೂನಿನ ಪ್ರಶ್ನೆಯಾಗಿ ಬರಲೇ ಇಲ್ಲ. ಊರು ಅಲ್ಲಿ, ಕೇರಿ ಇಲ್ಲಿ, ನಡುವೆ ಹಳ್ಳವೋ ರಸ್ತೆಯೋ ಬಯಲೋ. ಆಟ್ಕಿನ್ ತೀರ್ಪು ಕೊಟ್ಟ ಅದೇ 1932ರ ಸೆಪ್ಟೆಂಬರ್ 24ರಂದು ಪುಣೆಯ ಜೈಲಿನಲ್ಲಿ ಬಾಬಾಸಾಹೇಬರು ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. ಅಲ್ಲಿ ಹುಳು ಬಿದ್ದ ಬಾಟಲಿ ಕುಡಿದವಳು ನೆರೆಯವಳಾದಳು. ಇಲ್ಲಿ ಸಾವಿರಾರು ವರ್ಷ ಒಂದೇ ಊರಿನ ಮಣ್ಣು ಹೊತ್ತವರು ನೆರೆಯವರು ಹೌದೋ ಅಲ್ಲವೋ ಅಂತ ಚರ್ಚೆ ನಡೆದಿತ್ತು.

ಈಗ ನಮ್ಮ ಗದಗಿಗೆ ಬರೋಣ. 1880ರ ದಶಕದಲ್ಲಿ ರೈಲು ಬಂದಮೇಲೆ ಗದಗು ಹತ್ತಿಯ ದೊಡ್ಡ ಪೇಟೆಯಾಯಿತು. ಹತ್ತಿ ಬಿಡಿಸುವ ಜಿನ್ನು, ಅಂಡಿಗೆ ಕಟ್ಟುವ ಪ್ರೆಸ್ಸು ಬಂದವು. ಯಂತ್ರ ಬಂದ ಕಡೆ ಬೆರಳು ಹೋಗುವುದೂ ಬಂತು. ಬೆರಳು ಹೋದವನು ಟಾರ್ಟ್ ಕಾನೂನಿನಲ್ಲಿ ಗೆಲ್ಲಬೇಕಾದರೆ ಮಾಲಕನ ತಪ್ಪನ್ನು ತಾನೇ ಸಾಬೀತು ಮಾಡಬೇಕು. ಜೊತೆಗಾರ ಕೂಲಿಯವನ ತಪ್ಪಿನಿಂದ ಪೆಟ್ಟಾಗಿದ್ದರೆ ಮಾಲಕ ಹೊಣೆಯಲ್ಲ, ಗೊತ್ತಿದ್ದೂ ಅಪಾಯದ ಕೆಲಸಕ್ಕೆ ಬಂದಿದ್ದರೆ ಆಗಲೂ ಹೊಣೆಯಲ್ಲ. ಹಸಿದವನು ಗೊತ್ತಿದ್ದೇ ಬರ್ತಾನಲ್ರಿ, ಮತ್ತೇನು ಮಾಡ್ತಾನ?

1923ರ ಕಾಯ್ದೆ ಇದನ್ನು ಬದಲು ಮಾಡಿತು. 1924ರ ಜುಲೈ 1ರಿಂದ ಜಾರಿಗೆ ಬಂತು. ಕೆಲಸದ ಮೇಲೆ ಇದ್ದಾಗ, ಕೆಲಸದ ಕಾರಣಕ್ಕೆ ಪೆಟ್ಟಾಯಿತೇ? ಹಾಗಿದ್ದರೆ ಮಾಲಕನ ತಪ್ಪು ತೋರಿಸಬೇಕಿಲ್ಲ, ಪರಿಹಾರ ಕೊಡಲೇಬೇಕು. ಗದಗಿನ ಜಿನ್ನಿನವನಿಗೆ ಇದು ಅನ್ವಯ. ಆದರೆ ಇಪ್ಪತ್ತು ಮೂವತ್ತು ಮೈಲು ಆಚೆ? ಶಿರಹಟ್ಟಿ ಆಗ ಸಾಂಗಲಿ ಸಂಸ್ಥಾನದಲ್ಲಿ, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ. ಬ್ರಿಟಿಷ್ ಇಂಡಿಯಾದ ಕಾಯ್ದೆ ತಾನಾಗಿ ಸಂಸ್ಥಾನದೊಳಗೆ ಹೋಗುತ್ತಿರಲಿಲ್ಲ, ಅಲ್ಲಿಯ ದರಬಾರು ಒಪ್ಪಿ ತಂದುಕೊಂಡರೆ ಮಾತ್ರ. ಹಿಂಗಾಗಿ ಗಡಿಯ ಈಚೆ ಕಡೆ ಬೆರಳಿಗೆ ಕಾಯ್ದೆ ಇತ್ತು, ಆಚೆ ಕಡೆ ದೊರೆಯ ದಯೆ. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದೊಳಗೆ ವಿಲೀನವಾದವು. 1997ರಲ್ಲಿ ಗದಗ ಜಿಲ್ಲೆಯಾದಾಗ ಈ ಊರುಗಳೆಲ್ಲ ಒಂದೇ ಜಿಲ್ಲೆಗೆ ಸೇರಿದವು.

ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಕೌನ್ಸಿಲ್ಲಿನಲ್ಲಿ ಕಾರ್ಮಿಕ ಖಾತೆ ನೋಡಿಕೊಂಡರು. ಕಾರ್ಮಿಕರ ಆರೋಗ್ಯ ವಿಮೆಗೆ ಅಡಾರ್ಕರ್ ವರದಿ ಬಂದದ್ದು ಅವರ ಕಾಲದಲ್ಲಿ. ಅದೇ ಮುಂದೆ 1948ರ ಇಎಸ್‌ಐ ಕಾಯ್ದೆಗೆ ಬುನಾದಿ. ಮೀಸಲಾತಿಯ ಅಂಬೇಡ್ಕರ್ ನಮಗೆ ಗೊತ್ತು, ಬೆರಳು ಹೋದ ಕೂಲಿಯವನ ಅಂಬೇಡ್ಕರ್ ಬಗ್ಗೆ ನಾವು ಜಯಂತಿ ಭಾಷಣಗಳಲ್ಲಿ ಮಾತಾಡೋದು ಕಡಿಮೆ. ಇದು ನನಗೂ ಹೇಳಿಕೊಳ್ಳುವ ಮಾತು.

ಇನ್ನು ಪೆಟ್ಟು ಕೊಟ್ಟದ್ದು ಸರ್ಕಾರವೇ ಆದರೆ? 1965ರ ಕಸ್ತೂರಿ ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪೊಲೀಸ್ ಅಧಿಕಾರ ಸಾರ್ವಭೌಮ ಅಧಿಕಾರ, ಅದರಲ್ಲಿ ಆದ ನಷ್ಟಕ್ಕೆ ಸರ್ಕಾರ ಹೊಣೆಯಲ್ಲ ಅಂದಿತು. 1983ರಲ್ಲಿ ಬಿಹಾರದ ರುದುಲ್ ಸಾಹ್ ಕೇಸು ಆ ಬಾಗಿಲನ್ನು ಸ್ವಲ್ಪ ತೆರೆಯಿತು. ಬಿಡುಗಡೆಯ ಆದೇಶ ಆದಮೇಲೂ ಹದಿನಾಲ್ಕು ವರ್ಷ ಜೈಲಿನಲ್ಲಿ ಕೊಳೆತವನಿಗೆ 35,000 ರೂಪಾಯಿ. 1993ರಲ್ಲಿ ಒಡಿಶಾದ ನೀಲಾಬತಿ ಬೆಹೆರಾ, ಪೊಲೀಸ್ ವಶದಲ್ಲಿ ಸತ್ತ ಮಗನಿಗಾಗಿ ತಾಯಿ ಬರೆದ ಒಂದು ಪತ್ರ. ಅದಕ್ಕೆ 1,50,000 ರೂಪಾಯಿ ಪರಿಹಾರ. ಮೂಲಭೂತ ಹಕ್ಕು ಮುರಿದರೆ ಸರ್ಕಾರವೂ ದುಡ್ಡು ಕಟ್ಟಬೇಕು ಅಂತ ಗಟ್ಟಿಯಾಯಿತು. ಮೊತ್ತ ಸಣ್ಣದು, ದಾರಿ ದೊಡ್ಡದು.

ಇಲ್ಲಿಯವರೆಗೆ ಓದಿದರೆ ಎಲ್ಲ ಸುಧಾರಿಸುತ್ತಾ ಬಂದಿದೆ ಅನಿಸುತ್ತದೆ. ಆದರೆ ಲೆಕ್ಕದ ಪುಸ್ತಕ ತೆಗೆದಾಗ ಹಳೆಯ ಪಟ್ಟಿ ಇಣುಕುತ್ತದೆ.

ಅದೇ ಹೆಬ್ಬೆರಳು ತಗೊಳ್ಳಿ. ಮೂವತ್ತು ವರ್ಷದ ಕೆಲಸಗಾರ. ಸೂತ್ರ ಹೀಗಿದೆ: ತಿಂಗಳ ಪಗಾರದ ನೂರಕ್ಕೆ 60, ಅದನ್ನು ಆ ವಯಸ್ಸಿಗೆ ಕೊಟ್ಟ ಅಂಕಿ 207.98ರಿಂದ ಗುಣಿಸಬೇಕು, ಬಂದದ್ದರಲ್ಲಿ ನೂರಕ್ಕೆ 30. ಪಗಾರ 15,000 ಇದ್ದವನಿಗೆ 5,61,546 ರೂಪಾಯಿ. ಪಗಾರ 9,000 ಅಂತ ತೋರಿಸಿದವನಿಗೆ 3,36,927. ಬೆರಳು ಒಂದೇ, ರಕ್ತ ಒಂದೇ, ನೋವು ಒಂದೇ. ಬೆಲೆ ಮಾತ್ರ ಪಗಾರ ನೋಡಿ. ಮೋಟಾರು ಅಪಘಾತದ ಕೇಸಿನಲ್ಲೂ ಇದೇ ಪದ್ಧತಿ. ವರಮಾನ ಎಷ್ಟಿತ್ತು, ವಯಸ್ಸು ಎಷ್ಟು, ಗುಣಿಸು. ನಮ್ಮವರ ಕೂಲಿಗೆ ಚೀಟಿ ಇಲ್ಲ, ಹಾಜರಿ ಪುಸ್ತಕ ಇಲ್ಲ. ಕೋರ್ಟು ಅಂದಾಜು ವರಮಾನ ಹಿಡಿಯುತ್ತದೆ. ಕಾನೂನಿನಲ್ಲಿ ಜಾತಿ ಅನ್ನುವ ಶಬ್ದ ಎಲ್ಲೂ ಇಲ್ಲ, ಒಪ್ಪುತ್ತೇನೆ. ಆದರೆ ನಮ್ಮವರ ಪಗಾರ ಯಾಕೆ ಕಡಿಮೆ? ಯಾರ ಮಗ ಬ್ಯಾಂಕಿನಲ್ಲಿ, ಯಾರ ಮಗ ಜಿನ್ನಿನಲ್ಲಿ ಅನ್ನೋದನ್ನು ತೀರ್ಮಾನ ಮಾಡಿದ್ದು ಏನು? ಆಪಸ್ತಂಬ ಆಕಳು ಎಣಿಸಿದ, ನಾವು ರೂಪಾಯಿ ಎಣಿಸುತ್ತೇವೆ.

ಇನ್ನೊಂದು ನೋಡಿ. ಮೆಣಸಿನಕಾಯಿ ಬಿಡಿಸಲು, ಹತ್ತಿ ಬಿಡಿಸಲು ನಮ್ಮ ಅಕ್ಕ ತಂಗಿಯರು ಹೋಗೋದು ಟ್ರ್ಯಾಕ್ಟರ್ ಟ್ರೇಲರಿನಲ್ಲಿ, ಟಾಟಾ ಏಸಿನ ಹಿಂದೆ ನಿಂತು. ಗಾಡಿ ಪಲ್ಟಿ ಹೊಡೆದರೆ ವಿಮಾ ಕಂಪನಿ ಏನು ಹೇಳುತ್ತದೆ? ಇದು ಸರಕಿನ ಗಾಡಿ, ಇದರಲ್ಲಿ ಪುಕ್ಕಟೆ ಹತ್ತಿದವರಿಗೆ ನಾವು ಹೊಣೆಯಲ್ಲ. 2002ರಲ್ಲಿ ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವಾದವನ್ನು ಒಪ್ಪಿದೆ. ಆಗ ಗಾಡಿ ಮಾಲಕನಿಂದಲೇ ವಸೂಲಿ ಮಾಡಬೇಕು. ಅವನು ಅದೇ ಊರಿನ ಗೌಡ, ನಾಳೆ ಕೂಲಿ ಕೊಡುವವನೂ ಅವನೇ. ಕೇಸು ಹಾಕೋರು ಯಾರು?

ಇದಕ್ಕೆ ಎದುರಾಗಿ ಇನ್ನೊಂದು ದಾರಿ ಇದೆ. ಅದನ್ನು ತೆರೆದದ್ದು ನಮ್ಮ ಚಳವಳಿ. 1989ರ ದೌರ್ಜನ್ಯ ತಡೆ ಕಾಯ್ದೆ, ಅದರ 1995ರ ನಿಯಮಗಳು. 2016ರ ತಿದ್ದುಪಡಿಯಿಂದ ಪರಿಹಾರ 85,000ದಿಂದ 8,25,000 ರೂಪಾಯಿವರೆಗೆ ಆಯಿತು. ಇಲ್ಲಿ ನಿನ್ನ ಪಗಾರ ಎಷ್ಟು ಅಂತ ಕೇಳುವುದಿಲ್ಲ. ನಿನ್ನ ಮೇಲೆ ಏನಾಯಿತು ಅಂತ ಕೇಳುತ್ತಾರೆ.

ಮಲದ ಗುಂಡಿಯ ಸಾವುಗಳದ್ದೂ ಇದೇ ದಾರಿ. ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಿದವರು ಎಪ್ಪತ್ತರ ದಶಕದಲ್ಲಿ ನಮ್ಮ ಬಿ. ಬಸವಲಿಂಗಪ್ಪನವರು. ಆದರೂ 2010ರ ಜುಲೈನಲ್ಲಿ, ಲಕ್ಷ್ಮೇಶ್ವರದ ಪಕ್ಕದ ಸವಣೂರಿನಲ್ಲಿ ಭಂಗಿ ಸಮುದಾಯದವರು ಪುರಸಭೆ ಮುಂದೆ ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. 2013ರಲ್ಲಿ ಹೊಸ ಕಾಯ್ದೆ ಬಂತು. 2014ರ ಮಾರ್ಚ್ 27ರಂದು ಸಫಾಯಿ ಕರ್ಮಚಾರಿ ಆಂದೋಲನದ ಕೇಸಿನಲ್ಲಿ ಸುಪ್ರೀಂ ಕೋರ್ಟ್, 1993ರಿಂದ ಗುಂಡಿಯಲ್ಲಿ ಸತ್ತ ಪ್ರತಿಯೊಬ್ಬರ ಕುಟುಂಬಕ್ಕೆ 10 ಲಕ್ಷ ಕೊಡಬೇಕು ಅಂದಿತು. 2023ರ ಅಕ್ಟೋಬರ್ 20ರಂದು ಅದು 30 ಲಕ್ಷ ಆಯಿತು. ಶಾಶ್ವತ ಅಂಗವೈಕಲ್ಯಕ್ಕೆ ಕನಿಷ್ಠ 20 ಲಕ್ಷ, ಬೇರೆ ಅಂಗವೈಕಲ್ಯಕ್ಕೆ ಕನಿಷ್ಠ 10 ಲಕ್ಷ. ಸತ್ತವನ ಪಗಾರ ಚೀಟಿ ಬೇಕಿಲ್ಲ.

ನನಗೆ ಅರ್ಥವಾದದ್ದು ಇಷ್ಟು. ಒಂದು ಲೆಕ್ಕ ದುಡಿಮೆಗೆ ಬೆಲೆ ಕಟ್ಟುತ್ತದೆ, ಇನ್ನೊಂದು ಜೀವಕ್ಕೆ. ಮೊದಲನೆಯದರಲ್ಲಿ ನಾವು ಯಾವತ್ತೂ ಕೆಳಗಿನ ಸಾಲಿನಲ್ಲೇ ಇರ್ತೀವಿ. ಎರಡನೆಯದು ತಾನಾಗಿ ಬರಲಿಲ್ಲ, ಸತ್ತವರ ಹೆಸರು ಎಣಿಸಿ ಎಣಿಸಿ ಕೋರ್ಟಿನ ಮುಂದೆ ಇಟ್ಟಾಗ ಬಂತು. 30 ಲಕ್ಷ ಅಂದ ಕೂಡಲೇ ಹೋದವನು ಬರುವುದಿಲ್ಲ, ಗುಂಡಿಗೆ ಇಳಿಸೋದು ನಿಲ್ಲಬೇಕು ಅನ್ನೋದೇ ಮೊದಲ ಮಾತು. ಆದರೆ ಕೊಂದರೆ ಖರ್ಚು ಜಾಸ್ತಿ ಅಂತ ಗೊತ್ತಾದಾಗಲಾದರೂ ಕೆಲವರು ಯಂತ್ರ ತರಿಸುತ್ತಾರೆ.

ಕೊನೆಗೆ ಒಂದು ಮಾತು. ಈ ಬರಹಕ್ಕೆ ಕಾರಣವಾದದ್ದು ಅದೇ.

ಎರಡು ತಿಂಗಳ ಹಿಂದೆ ಶಿರಹಟ್ಟಿ ಕಡೆಯ ಒಬ್ಬ ಹೆಣ್ಣುಮಗಳು ನಮ್ಮ ಮನೆಗೆ ಬಂದಳು. ಗಂಡ ಗೋವಾಕ್ಕೆ ಗುಳೆ ಹೋಗಿದ್ದ, ಕಟ್ಟಡದ ಕೆಲಸ. ಮೂರನೇ ಮಹಡಿಯಿಂದ ಬಿದ್ದು ಸತ್ತ. ಅವನಿಗೆ ಮೂವತ್ತೈದು ವರ್ಷ. ಗುತ್ತಿಗೆದಾರ ಒಂದು ಲಕ್ಷ ಕೊಟ್ಟು, ಇನ್ನು ಏನೂ ಕೇಳುವುದಿಲ್ಲ ಅಂತ ಛಾಪಾ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ. "ಅಣ್ಣಾ, ನಾ ಬರದ ಕೊಟ್ಟೀನಿ. ಮುಗೀತಲ್ಲ?" ಅಂದಳು. ನನ್ನ ಕಣ್ಣ ಮುಂದೆ ಕಾಕಾನ ಎಡಗೈ ಬಂತು.

"ಮುಗಿದಿಲ್ಲ ತಂಗಿ" ಅಂದೆ. ಯಾಕೆ ಅಂತ ನಿಮಗೂ ಹೇಳ್ತೀನಿ, ನೆನಪಿಡಿ. ಪರಿಹಾರದ ಹಕ್ಕು ಬಿಟ್ಟುಕೊಡುವ ಕಾಗದ 1923ರ ಕಾಯ್ದೆಯ 17ನೇ ಕಲಮಿನ ಪ್ರಕಾರ ನಡೆಯುವುದೇ ಇಲ್ಲ. ಸಾವಿನ ಪ್ರಕರಣದಲ್ಲಿ ಮಾಲಕ ದುಡ್ಡನ್ನು ಪರಿಹಾರ ಆಯುಕ್ತರಲ್ಲಿ ಜಮಾ ಮಾಡಬೇಕು. ಮನೆಗೆ ಬಂದು ಕೈಯಲ್ಲಿ ಕೊಟ್ಟದ್ದರಲ್ಲಿ ಮೂರು ತಿಂಗಳ ಪಗಾರದಷ್ಟು ಮುಂಗಡ ಬಿಟ್ಟರೆ ಉಳಿದದ್ದು ಪರಿಹಾರ ಅಂತ ಲೆಕ್ಕಕ್ಕೆ ಬರುವುದಿಲ್ಲ. ಅರ್ಜಿಗಾಗಿ ಗೋವಾಕ್ಕೆ ಅಲೆಯಬೇಕಿಲ್ಲ, ತಾನು ವಾಸವಿರುವ ಕಡೆಯೇ ಹಾಕಬಹುದು. ಗುತ್ತಿಗೆದಾರ ಕೈ ಎತ್ತಿದರೆ ಕೆಲಸ ಕೊಡಿಸಿದ ಮೂಲ ಮಾಲಕನನ್ನೂ ಕೇಳಬಹುದು. ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಪಗಾರ 15,000 ಹಿಡಿದರೆ ಮೂವತ್ತೈದು ವರ್ಷದವನ ಸಾವಿಗೆ ಬರುವ ಮೊತ್ತ 14,77,950 ರೂಪಾಯಿ. ಆ ತಂಗಿಗೆ ಕೊಟ್ಟದ್ದು ಒಂದು ಲಕ್ಷ. 2020ರ ಸಾಮಾಜಿಕ ಭದ್ರತಾ ಸಂಹಿತೆ ಈಗ ಹಳೆಯ ಕಾಯ್ದೆಯ ಜಾಗಕ್ಕೆ ಬಂದಿದೆ. ಈಕೆಯ ಗಂಡ ಅದಕ್ಕಿಂತ ಮೊದಲೇ ತೀರಿಕೊಂಡದ್ದರಿಂದ ಹಳೆಯ ಕಾಯ್ದೆಯೇ ಅನ್ವಯ.

ರಸ್ತೆ ಅಪಘಾತವಾದರೆ ಇನ್ನೂ ಅವಸರ ಮಾಡಿ. 2022ರ ಏಪ್ರಿಲ್‌ನಿಂದ ಆರು ತಿಂಗಳ ಗಡುವು ಇದೆ. ಇದರ ಮೇಲೆ ಸುಪ್ರೀಂ ಕೋರ್ಟಿನಲ್ಲಿ ತಕರಾರು ನಡೆದಿದೆ, ಆದರೆ ಅದನ್ನು ನಂಬಿ ಕೂರಬೇಡಿ. ಗುದ್ದಿದ ಗಾಡಿ ಸಿಗದೇ ಹೋದರೂ ಸಾವಿಗೆ 2 ಲಕ್ಷ, ಗಂಭೀರ ಗಾಯಕ್ಕೆ 50,000 ಸರ್ಕಾರದ ಯೋಜನೆಯಿಂದ ಸಿಗುತ್ತದೆ. ವಕೀಲರ ಫೀಸಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಎಲ್ಲ ಹೆಣ್ಣುಮಕ್ಕಳಿಗೆ, ವರಮಾನ ಎಷ್ಟೇ ಇರಲಿ, ಉಚಿತ ವಕೀಲರು. ಜಿಲ್ಲಾ ಕೋರ್ಟಿನ ಆವರಣದಲ್ಲೇ ಪ್ರಾಧಿಕಾರದ ಆಫೀಸು ಇರುತ್ತದೆ, ಹೋಗಿ ಕೇಳಿ.

ಆ ತಂಗಿಗೆ ಐದು ತಿಂಗಳ ಅವಧಿ ಉಳಿದಿತ್ತು. ವಕೀಲರು ಸಿಕ್ಕರು, ಅರ್ಜಿ ಹಾಕಿದ್ದಾರೆ. ಏನಾಗುತ್ತದೋ ನೋಡೋಣ. ಅರ್ಜಿಗೆ ಸಹಿ ಮಾಡುವಾಗ ಅವಳು ಹೆಬ್ಬೆಟ್ಟು ಮುಂದೆ ಮಾಡಿದಳು. ಪಕ್ಕದಲ್ಲಿದ್ದ ಅವಳ ಮಗಳು, ಆರನೇ ಕ್ಲಾಸಿನ ಹುಡುಗಿ, "ಯವ್ವಾ, ಹೆಬ್ಬಟ್ಟ ಬ್ಯಾಡ, ನಾ ಕಲಿಸಿದ್ದು ಬರಿ" ಅಂದಳು. ತಡವರಿಸುತ್ತಾ ತನ್ನ ಹೆಸರಿನ ಮೂರು ಅಕ್ಷರ ಬರೆದಳು.

ಕಾಕಾ ಈಗ ಇಲ್ಲ. ಇದ್ದಿದ್ದರೆ ಹೇಳ್ತಿದ್ದೆ, ಕಾಕಾ, ನಿನ್ನ ಹಣೆದಾಗ ಬರದದ್ದು ಎರಡು ಚೀಲ ಜ್ವಾಳ ಅಲ್ಲ, ನಮಗ ಓದಾಕ ಬರಲಿಲ್ಲ ಅಷ್ಟ.

ಓದೋಣ. ಓದಿಸೋಣ. ನಿಮ್ಮ ಕೇರಿಯಲ್ಲಿ ಹಿಂಗ ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದ ಇದ್ದರೆ ಹರಿದು ಒಗೀಬೇಡ್ರಿ, ತಗೊಂಡು ಬರ್ರಿ.

ಜೈಭೀಮ್.